ಮೆತೋದಿ ಮೇಷ್ಟ್ರ ಮಾದರಿ ಬರಹ

ಪ್ರತಿ ತರಗತಿಗೂ ಒಂದು ಬ್ಲಾಗು ಇರಲೇಬೇಕು ಎಂದು ಮುಖ್ಯೋಪಾಧ್ಯಾಯಿನಿ ದ್ರಾಗಿಯೆವಾ ಅಪ್ಪಣೆ ಮಾಡದೇ ಇದ್ದಿದ್ದರೆ, ಮೆತೋದಿ ಮೇಷ್ಟ್ರ ಹೃದಯ ಇಸ್ತ್ರಿ ಹಾಕಿ ಮಡಿಸಿಟ್ಟ ಅಂಗಿಯ ಹಾಗೆ ಬೀರುವಿನಲ್ಲೇ ತೆಪ್ಪಗೆ ಇರುತ್ತಿತ್ತು.

ಮಕ್ಕಳು ಬ್ಲಾಗಿನಲ್ಲಿ ಬರೆಯಬೇಕು, ಒಬ್ಬರು ಬರೆದದ್ದಕ್ಕೆ ಇನ್ನೊಬ್ಬರು ಅಭಿಪ್ರಾಯ ಹಾಕಬೇಕು, ಊರವರೂ ಓದಬೇಕು. ಏಳನೇ ತರಗತಿಗೆ ಮೇಷ್ಟ್ರು ಕೊಟ್ಟ ವಿಷಯ 'ನಾನು ಕಾಯುತ್ತಿರುವವರು'. ವಾರ ಕಳೆದರೂ ಬ್ಲಾಗು ಬೋಳಾಗಿಯೇ ಇತ್ತು.

"ಹೆಂಗೆ ಬರೀಬೇಕು ಅಂತಾನೇ ಗೊತ್ತಾಗಲ್ಲ ಸಾರ್. ನೀವೇ ಒಂದು ಬರೆದು ತೋರ್ಸಿ," ಎಂದಳು ಮೊದಲ ಬೆಂಚಿನ ಝೋರ್ನಿತ್ಸಾ.

ಆ ಸಂಜೆ ಸಣ್ಣ ಲೋಟದಲ್ಲಿ ರಾಕಿಯಾ ಎಂಬ ಹಣ್ಣಿನ ಸಾರಾಯಿ ಬಗ್ಗಿಸಿಕೊಂಡು ಕೂತ ಮೇಷ್ಟ್ರು ನಾಲ್ಕು ಸಾಲು ಗೀಚಿ ಏಳೋಣ ಎಂದುಕೊಂಡಿದ್ದರು. ಆದರೆ ಬರಹ ಇಳಿಜಾರಿನಲ್ಲಿ ಬ್ರೇಕು ಬಿಟ್ಟ ಸೈಕಲ್ಲಿನಂತೆ ಓಡಿತು. ಹಸಿರು ಕೋಟಿನ ಒಬ್ಬಳು. ಕೋಟಿನ ಒಂದು ಗುಂಡಿ ಕಳೆದುಹೋಗಿ, ಅಲ್ಲಿ ಕೆಂಪು ಗುಂಡಿ ಹೊಲಿದುಕೊಂಡವಳು. ಚಳಿಗಾಲದಲ್ಲಿ ಶಾಲೆಯ ಕೋಣೆ ಬೆಚ್ಚಗಿಡುವ ಬಿಸಿನೀರಿನ ಕೊಳವೆಯ ಮೇಲೆ ಪೆನ್ಸಿಲಿನಿಂದ ತಾಳ ಹಾಕುತ್ತಿದ್ದವಳು. 'ಅವಳು ಹೋದ ಮೇಲೂ ಆ ಕೊಳವೆ ಆಗಾಗ ಟಿಕ್ ಎನ್ನುತ್ತದೆ. ಪ್ರತಿ ಸಲವೂ ನಾನು ತಿರುಗಿ ನೋಡುತ್ತೇನೆ.' ಹೆಸರು ಮಾತ್ರ ಹಾಕಲಿಲ್ಲ. ತರಗತಿಗೆ ಇದ್ದದ್ದು ಒಂದೇ ಖಾತೆಯಾದ್ದರಿಂದ ಬರಹದ ಕೆಳಗೆ 'ಏಳನೇ ತರಗತಿ' ಎಂದಷ್ಟೇ ಮೂಡಿತು.

ಬೆಳಿಗ್ಗೆ ಎದ್ದು ನೋಡಿದರೆ ಮಕ್ಕಳು ಮೇಷ್ಟ್ರು ಕಲಿಸಿದ್ದನ್ನು ಮೇಷ್ಟ್ರ ಮೇಲೆಯೇ ಪ್ರಯೋಗಿಸಿದ್ದರು. 'ವಿಶೇಷಣ ಜಾಸ್ತಿಯಾಯಿತು.' 'ಕೊನೆಯಲ್ಲಿ ಏನೂ ಆಗುವುದಿಲ್ಲ.' ಝೋರ್ನಿತ್ಸಾ ಬರೆದಿದ್ದಳು: 'ಇಷ್ಟು ಕಾಯುವ ಬದಲು ಈ ಮನುಷ್ಯ ಹೋಗಿ ಯಾಕೆ ಕೇಳಲಿಲ್ಲ? ಇದನ್ನು ನಂಬುವುದು ಕಷ್ಟ.'

ಮೇಷ್ಟ್ರು ಮೆಟ್ಟಿಲಿಳಿಯುವಷ್ಟರಲ್ಲಿ ಕೆಳಮನೆಯ ಪೆನ್ಕಾ ಅಡ್ಡ ನಿಂತಿದ್ದಳು. ಅವಳ ಮೊಮ್ಮಗಳೂ ಏಳನೇ ತರಗತಿ.

"ಲೋ ಮೆತೋದಿ, ಕೆಂಪು ಗುಂಡಿ ಅಂದ್ರೆ ನಮ್ಮ ಸಂಗೀತದ ಟೀಚರ್ ಕಲಿನಾ ಅಲ್ವೇನೋ?"

"ಅಕ್ಕಾ, ಅದು ಮಕ್ಕಳಿಗೆ ಅಂತ ಬರೆದ ಮಾದರಿ..."

"ಮಾದರಿ ಓದಿ ನನಗೆ ಎರಡು ಸಲ ಮೂಗು ಒರೆಸ್ಕೊಳ್ಳೋ ಹಂಗಾಯ್ತು! ಸುಮ್ನಿರು."

ಕಲಿನಾ ನಾಲ್ಕು ವರ್ಷದ ಹಿಂದೆ ಸ್ಲಿವೆನ್ ನಗರದ ಶಾಲೆಗೆ ವರ್ಗವಾಗಿ ಹೋಗಿದ್ದಳು. ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ. ಇಷ್ಟು ವರ್ಷಗಳಲ್ಲಿ ಮೇಷ್ಟ್ರು ಎಷ್ಟೋ ಭಾನುವಾರ ಕೂದಲು ಬಾಚಿಕೊಂಡು ಹೊರಟು, ಬಸ್ ನಿಲ್ದಾಣದವರೆಗೆ ಹೋಗಿ, ಒಂದು ಕಾಫಿ ಕುಡಿದು ವಾಪಸ್ಸು ಬಂದಿದ್ದರು.

ಶಾಲೆಯಲ್ಲಿ ದ್ರಾಗಿಯೆವಾ ಬಾಗಿಲಲ್ಲೇ ಹಿಡಿದರು. "ಮೆತೋದಿಯವರೇ, ಅದ್ಭುತ! ನಾನಂತೂ ಹಳೇ ಟೀಚರ್‌ಗಳಿಗೆಲ್ಲ ಕಳಿಸಿಬಿಟ್ಟೆ."

"ಎ... ಎಲ್ಲರಿಗೂನಾ?"

"ಎಲ್ಲರಿಗೂ. ನಮ್ಮ ಮಕ್ಕಳ ಬ್ಲಾಗು ನೋಡಿ ಅಂತ."

ಮೇಷ್ಟ್ರ ಮುಖ ಮೊಸರಿನ ಬಣ್ಣಕ್ಕೆ ತಿರುಗಿತು. ಮೂರನೇ ಪೀರಿಯಡ್ಡಿನ ಹೊತ್ತಿಗೆ ಬ್ಲಾಗಿನಲ್ಲಿ ಹೊಸ ಅಭಿಪ್ರಾಯ ಬಂತು. ಅದನ್ನು ಝೋರ್ನಿತ್ಸಾ ಇಡೀ ತರಗತಿಗೆ ಕೇಳುವಂತೆ ಓದಿದಳು: 'ಆ ಗುಂಡಿ ಇನ್ನೂ ಕೆಂಪಾಗಿಯೇ ಇದೆ. ಇದನ್ನು ಬರೆದವರನ್ನು ನೋಡಲೇಬೇಕು. ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದೇನೆ. ಕಲಿನಾ.'

ಆಮೇಲೆ ಮೇಷ್ಟ್ರ ದೇಹ ಮೇಷ್ಟ್ರ ಕೈಯಲ್ಲಿರಲಿಲ್ಲ. ವ್ಯಾಯಾಮ ಕಲಿಸುವ ರಂಗೆಲ್ ಬಂದು ಮೇಷ್ಟ್ರನ್ನು ಎಳೆದುಕೊಂಡು ಹೋಗಿ ಗಡ್ಡ ಹೆರೆಸಿದ. ತನ್ನ ಮದುವೆಯ ಕೋಟು ತೊಡಿಸಿದ. ಅದರೊಳಗೆ ಮೇಷ್ಟ್ರು ದೊಡ್ಡ ದಿಂಬಿನ ಗವಸಿಗೆ ತುರುಕಿದ ಸಣ್ಣ ದಿಂಬಿನಂತೆ ಕಂಡರು. ಪೆನ್ಕಾ ಚೀಸ್ ತುಂಬಿ ಬೇಯಿಸಿದ ಪದರ ರೊಟ್ಟಿ ಬಾನಿತ್ಸಾದ ಬಿಸಿ ಬಿಸಿ ತಟ್ಟೆಯನ್ನು ಕೈಗೆ ತುರುಕಿದಳು.

"ಹೂವು ತಗೊಂಡ್ಹೋದ್ರೆ ಸಾಲ್ದಾ ಅಕ್ಕ?"

"ಹೂವು ತಿನ್ನೋಕಾಗುತ್ತೇನೋ? ಪಾಪ, ಹಸ್ಕೊಂಡು ಬರ್ತಾಳೆ!"

ಬಸ್ ನಿಲ್ದಾಣದಲ್ಲಿ ಮದುವೆಯ ದಿಬ್ಬಣದಂತೆ ಊರೆಲ್ಲ ನೆರೆದಿತ್ತು. ಬಸ್ಸು ಬಂತು. ಹಸಿರು ಕೋಟು ಇಳಿಯಿತು. ಕೂದಲಲ್ಲಿ ಅಲ್ಲಲ್ಲಿ ಬೆಳ್ಳಿ. ನಡಿಗೆ ಮಾತ್ರ ಅದೇ. ಇವಳನ್ನು ಇಷ್ಟು ಹತ್ತಿರದಿಂದ ನೋಡುವುದಕ್ಕಾಗಿ ಎಷ್ಟು ಕಾಫಿ ಕುಡಿದಿದ್ದೆ ಎಂದುಕೊಂಡರು ಮೇಷ್ಟ್ರು.

"ಮೆತೋದಿಯವರೇ," ಎಂದಳು ಕಲಿನಾ. ದನಿ ತುಸು ನಡುಗುತ್ತಿತ್ತು. "ಅದನ್ನ ಬರೆದದ್ದು ಯಾರು?"

ಊರಿಗೆ ಊರೇ ಉಸಿರು ಬಿಗಿಹಿಡಿಯಿತು. 'ನಾನು' ಎಂದರೆ ಮುಗಿಯಿತು. ಒಂದೇ ಒಂದು ಪದ, ವಿಶೇಷಣವೂ ಬೇಕಿರಲಿಲ್ಲ. ಮೇಷ್ಟ್ರು ಬಾಯಿ ತೆರೆದರು.

"ಅದು... ಏಳನೇ ತರಗತಿ," ಎಂದರು. "ಮಕ್ಕಳೆಲ್ಲ ಸೇರಿ."

ಪೆನ್ಕಾ ಹಣೆ ಚಚ್ಚಿಕೊಂಡ ಸದ್ದು ಟಿಕೆಟ್ ಕಿಟಕಿಯವರೆಗೂ ಕೇಳಿಸಿತು.

"ಓ. ಮಕ್ಕಳಾ," ಎಂದಳು ಕಲಿನಾ. ಏನನ್ನೋ ನುಂಗಿಕೊಂಡವಳಂತೆ ನಕ್ಕಳು. "ಅದೂ ಸರಿ. ನೋಡಿ, ನಾನೊಬ್ಳು ಹುಚ್ಚಿ. ದಾರಿಯುದ್ದಕ್ಕೂ ಏನೇನೋ ಅಂದ್ಕೊಂಡು ಬಂದೆ. ಎರಡು ದಿನ ರಜೆ ಬೇರೆ ಹಾಕಿದ್ದೆ." ಒಂದು ತುಂಡು ಬಾನಿತ್ಸಾ ಮುರಿದುಕೊಂಡಳು. "ಮಕ್ಕಳಿಗೆ ಚೆನ್ನಾಗಿ ಕಲಿಸಿದೀರಿ. ಈ ಬಸ್ಸು ಈಗ್ಲೇ ವಾಪಸ್ ಹೋಗುತ್ತೆ ಅಲ್ವಾ?"

ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು. ಡ್ರೈವರ್ ಗಾಡಿ ಶುರುಮಾಡಿದ. ಆಗ ರಂಗೆಲ್ ಹಿಂದಿನಿಂದ ಫುಟ್‌ಬಾಲ್ ಹುಡುಗರಿಗೆ ಕೊಡುವಂಥ ಗುದ್ದೊಂದನ್ನು ಕೊಟ್ಟ. ಮೇಷ್ಟ್ರು ತಟ್ಟೆಯ ಸಮೇತ ಬಸ್ಸಿನ ಪಕ್ಕಕ್ಕೆ ಹೋಗಿ ಬಿದ್ದರು. ಆ ಹೊಡೆತಕ್ಕೋ ಏನೋ, ಎಲ್ಲ ವರ್ಷಗಳೂ ಒಟ್ಟಿಗೆ ಬಾಯಿಗೆ ಬಂದವು.

"ಕಲಿನಾ! ನಾನು! ನಾನೇ ಬರೆದದ್ದು! ಒಂದೊಂದು ಅಕ್ಷರಾನೂ ನಂದೇ!"

"ಹೌದು ಕಣಮ್ಮಾ, ಇವನೇ!" ಎಂದು ಪೆನ್ಕಾ ಕೂಗಿದಳು. "ಅವರೇ! ಅವರೇ!" ಎಂದು ನಿಲ್ದಾಣಕ್ಕೆ ನಿಲ್ದಾಣವೇ ಅರಚಿತು.

ಕಲಿನಾ ಕಿಟಕಿಯ ಗಾಜು ಸರಿಸಿದಳು. ಇಡೀ ತರಗತಿ ಒಟ್ಟಿಗೆ ಸುಳ್ಳು ಹೇಳುವಾಗ ಟೀಚರ್ ನೋಡುವಂತೆ ಎಲ್ಲರನ್ನೂ ಒಮ್ಮೆ ನೋಡಿದಳು. ಕೊನೆಗೆ ಅವಳ ಕಣ್ಣು ಮೇಷ್ಟ್ರ ಮೇಲೆ ನಿಂತಿತು. ಆ ಕಣ್ಣಲ್ಲಿ ನೀರಿತ್ತು.

"ಛೆ, ಮೆತೋದಿಯವರೇ," ಎಂದಳು. "ನನಗೆ ಬೇಜಾರಾಗಬಾರದು ಅಂತ ಹೇಳ್ತಿದೀರಿ, ಗೊತ್ತಾಗುತ್ತೆ. ಆದ್ರೂ ಮಕ್ಕಳು ಬರೆದದ್ದನ್ನ ತನ್ನದು ಅಂತ ಹೇಳ್ಕೊಳ್ಳೋದು ಮೇಷ್ಟ್ರಾದವರಿಗೆ ಚೆಂದ ಅಲ್ಲ."

ಬಸ್ಸು ಹೊರಟಿತು.