ಇಳಿಜಾರಿನಲ್ಲಿ ನಿಂತಿದ್ದ ಕೆಂಪು ಕಾರು

ಹಳೆ ಕಾರು ಕೊಳ್ಳಲು ಹೊರಟ ಗಂಡಸರಿಗೆ ಬುದ್ಧಿ ಹೇಳುವವರು ಯಾವ ಊರಲ್ಲೂ ಹುಟ್ಟಿಲ್ಲ. ಈಗ ನಾನಿರುವ ನಾಗಪುರದಲ್ಲಿ, ಮೊನ್ನೆ ಎದುರುಮನೆಗೆ ಇಬ್ಬರು ಕಾರು ನೋಡಲು ಬಂದರು. ಟೈರಿಗೆ ಒದ್ದರು, ಬಾಗಿಲು ಬಡಿದರು, ಅದರ ಕನ್ನಡಿಯಲ್ಲಿ ತಲೆ ಬಾಚಿಕೊಂಡರು. ಎಂಜಿನ್ನಿನ ಕಡೆ ತಿರುಗಿಯೂ ನೋಡಲಿಲ್ಲ. ನನಗೆ ಅರವತ್ತರ ದಶಕದ ಸಿಟ್ಟು ಮತ್ತೆ ನೆತ್ತಿಗೇರಿತು.

ಆಗ ನಮ್ಮವರು ಹೊಸನಗರ ಸೀಮೆಯ ಹಳ್ಳಿಯೊಂದರಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದರು. ನಾನು ಚೊಚ್ಚಲ ಬಸುರಿ. ಹೆರಿಗೆಗೆ ಹೊಸನಗರ ಪೇಟೆಯ ತವರಿಗೆ ಹೋಗಬೇಕು, ನಮ್ಮೂರಿಗೆ ಬಸ್ಸಿಲ್ಲ. "ಎತ್ತಿನ ಗಾಡಿಯ ಕುಲುಕಾಟ ಬೇಡ, ಕಾರಲ್ಲೇ ಕರ್ಕೊಂಡು ಬರ್ತೀನಿ" ಎಂದು ನಮ್ಮವರು ನನ್ನ ಅಮ್ಮನಿಗೆ ಮಾತು ಕೊಟ್ಟರು. ಒಳ್ಳೆಯದೇ. ಆದರೆ ಹುಡುಕಿದ್ದು ಎಂಥ ಕಾರು? ತೀರ್ಥಹಳ್ಳಿ ದಾರಿಯ ಎಸ್ಟೇಟ್ ಯಜಮಾನರೊಬ್ಬರು ಶೋಕಿಗೆ ಇಟ್ಟುಕೊಂಡಿದ್ದ ಸ್ಪೋರ್ಟ್ಸ್ ಕಾರು. ಎರಡೇ ಸೀಟು!

"ವಾಪಸು ಬರುವಾಗ ಮಗು ಎಲ್ಲಿ?" ಎಂದೆ.

"ನಿನ್ನ ಮಡಿಲಲ್ಲಿ."

"ತೊಟ್ಟಿಲು?"

"ಅದು ಎತ್ತಿನ ಗಾಡೀಲಿ ಬರತ್ತೆ ಬಿಡು."

ಸೀಟಿನ ಅಳತೆ

ಕಾರು ಪರೀಕ್ಷೆಗೆ ನಮ್ಮವರು ಮೆಕ್ಯಾನಿಕ್‌ನನ್ನು ಕರೆದರೇ? ಇಲ್ಲ. ಊರಿನ ದನದ ದಲ್ಲಾಳಿಯನ್ನು ಕರೆದರು. "ಎತ್ತು ನೋಡಿ ಕೊಡಿಸೋನಿಗೆ ಕಾರು ಯಾವ ಲೆಕ್ಕ?" ಸೀಟು ಹೊಂದುತ್ತದೋ ಇಲ್ಲವೋ ನೋಡಲು ನನ್ನನ್ನೂ ಅವನ ಎತ್ತಿನ ಗಾಡಿಯಲ್ಲಿ ಎಸ್ಟೇಟಿಗೆ ಕರೆದೊಯ್ದರು.

ಕಾರಿನ ಸೀಟು ನೆಲಕ್ಕೆ ಅಂಟಿದ ಹಾಗಿತ್ತು. ಹೇಗೋ ಜಾರಿ ಕೂತೆ. ಏಳಲು ಆಗಲಿಲ್ಲ. ಒಂದು ಕೈ ನಮ್ಮವರು ಎಳೆದರು, ಇನ್ನೊಂದನ್ನು ದಲ್ಲಾಳಿ. ಎಷ್ಟೋ ಕರುಗಳನ್ನು ಎಳೆದು ಹೊರತೆಗೆದ ಕೈ ಅದು. ಸಮಾಧಾನ ಬೇರೆ: "ಹೆದರ್ಬೇಡಿ ಅಮ್ಮಾ. ತಲೆ ಮೊದಲು ಬಂದ್ರೆ ತೊಂದ್ರೆ ಇಲ್ಲ."

ಗಿರಣಿಯ ಕಿವಿ

ದಲ್ಲಾಳಿ ಕಾರಿನ ಸುತ್ತ ಬಂದು, ಬೆನ್ನು ತಟ್ಟಿ, ಕೆಟ್ಟ ಸುಳಿ ಇಲ್ಲವೆಂದು ತೀರ್ಪು ಕೊಟ್ಟ. ಯಜಮಾನರು ಕಾರನ್ನು ಅಂಗಳದಿಂದ ಉರುಳಿಸಿ ಚಾಲೂ ಮಾಡಿದರು. ಎಂಜಿನ್ "ಢಬ್ ಢಬ್" ಎಂದು ಬಡಿದುಕೊಂಡಿತು. ಹಿಂದಿನಿಂದ ಕರೀ ಹೊಗೆ. ನಾನು ಕೆಮ್ಮುತ್ತಾ, "ಇದೆಂತ ಸದ್ದು? ಒಳಗೆ ಏನೋ ಸಡಿಲ ಇದೆ" ಎಂದೆ.

ನಮ್ಮವರು ಕಣ್ಣುಮುಚ್ಚಿ ತಲೆದೂಗುತ್ತಿದ್ದರು. "ಸುಮ್ನಿರೇ. ಥೇಟ್ ನಮ್ಮ ಗಿರಣಿ ಎಂಜಿನ್! ಎಂಥ ಗಟ್ಟಿ ನಾಡಿ!"

ಮಟ್ಟದ ಜಾಗ

ನನಗೆ ಇನ್ನೊಂದು ಅನುಮಾನ. ಕಾರು ನಿಂತಿದ್ದದ್ದು ದಿಬ್ಬದ ಮೇಲೆ, ಮೂತಿ ಇಳಿಜಾರಿಗೆ. ಯಜಮಾನರು ಕೀಲಿಕೈ ತಿರುಗಿಸಿದ್ದನ್ನು ನಾನಂತೂ ಕಾಣಲಿಲ್ಲ.

"ಮಟ್ಟದ ಜಾಗದಲ್ಲಿ ಒಂದ್ಸಲ ಚಾಲೂ ಮಾಡಿ ತೋರಿಸಿ" ಎಂದೆ.

ಯಜಮಾನರು ಸುತ್ತಲಿನ ಗುಡ್ಡಗಳತ್ತ ಕೈ ಬೀಸಿ ನಕ್ಕರು. "ಮಲೆನಾಡಲ್ಲಿ ಮಟ್ಟದ ಜಾಗ ಎಲ್ಲಿದೆ ತಾಯೀ?"

ಗಂಡಸರು ಮೂವರೂ ನಕ್ಕರು. ಅವತ್ತೇ ವ್ಯಾಪಾರ ಮುಗಿಯಿತು. ನಮ್ಮವರು ದಾರಿಯಲ್ಲಿ ಎಲ್ಲೂ ನಿಲ್ಲಿಸದೆ ಮನೆಗೆ ತಂದು, ಹೆಮ್ಮೆಯಿಂದ ಎಂಜಿನ್ ಬಂದ್ ಮಾಡಿದರು. ಎಲ್ಲಿ? ಇಡೀ ಸೀಮೆಯಲ್ಲಿ ತಟ್ಟೆಯಷ್ಟು ಮಟ್ಟವಾಗಿದ್ದ ಒಂದೇ ಜಾಗದಲ್ಲಿ: ನಮ್ಮ ಗಿರಣಿಯ ಭತ್ತ ಒಣಗಿಸುವ ಕಣದಲ್ಲಿ.

ಮೆರವಣಿಗೆ

ತವರಿಗೆ ಹೊರಡುವ ದಿನ ಬಂತು. ಕಾರು ಮಾತ್ರ ಕಣ ಬಿಟ್ಟು ಕದಲಲಿಲ್ಲ. ಕೀಲಿಕೈ ತಿರುಗಿಸಿದರೆ ಸದ್ದೇ ಇಲ್ಲ. ಗಿರಣಿಯ ಆಳುಗಳೆಲ್ಲ ನೂಕಿದರೂ ಬರೀ ಬಿಕ್ಕಳಿಕೆ. ನನಗೋ ಸೊಂಟ ಹಿಡಿಯತೊಡಗಿತ್ತು.

"ಗಾಡಿ ಕಟ್ಟಿಸಿ" ಎಂದೆ.

"ಅತ್ತೆಗೆ ಮಾತು ಕೊಟ್ಟಿದೀನಿ. ಕೇರಿಯವರೆಲ್ಲ ಕಾರು ನೋಡಕ್ಕೆ ಕಾಯ್ತಿರ್ತಾರೆ."

"ನಾನು ಹೆರೋದು ತವರಲ್ಲೋ, ನಿಮ್ಮ ಕಣದಲ್ಲೋ? ಈಗಲೇ ಹೇಳಿ!"

ಕೊನೆಗೆ ದಲ್ಲಾಳಿಯೇ ಗಾಡಿ ತಂದ. ಹುಲ್ಲಿನ ಮೆತ್ತೆಯ ಮೇಲೆ ನಾನು. ಗಾಡಿಯ ಹಿಂದೆ ಹಗ್ಗ, ಹಗ್ಗದ ತುದಿಗೆ ಕಾರು, ಕಾರಿನೊಳಗೆ ಕೋಟು ತೊಟ್ಟ ನಮ್ಮವರು. ಇಳಿಜಾರಿನಲ್ಲಿ ಚಾಲೂ ಆದರೆ ಹಗ್ಗ ಬಿಚ್ಚುವುದೆಂದು ಮಾತಾಗಿತ್ತು. ಒಂದು ಇಳಿಜಾರಿನಲ್ಲಿ ಎಂಜಿನ್ ಢಬ್ ಎಂದದ್ದೂ ಹೌದು. ಎತ್ತುಗಳು ಬೆದರಿ ಜಿಗಿದವು, ನಾನು ಕಿರುಚಿದೆ. ದಲ್ಲಾಳಿ ಹಿಂದಕ್ಕೆ ತಿರುಗಿ ಗದರಿದ: "ಆ ಎಂಜಿನ್ ಬಂದ್ ಮಾಡಿ ಮಾರಾಯ್ರೆ! ಊರು ಮುಟ್ಟೋದು ಬೇಡ್ವಾ?"

ಹೊಸನಗರ ಮುಟ್ಟಿದಾಗ ಕೇರಿಗೆ ಕೇರಿಯೇ ಜಗಲಿಗೆ ಬಂದಿತ್ತು. ನಮ್ಮವರು ಬೆನ್ನು ನೆಟ್ಟಗೆ ಮಾಡಿ, ಸ್ಟೇರಿಂಗ್ ಬಿಗಿಯಾಗಿ ಹಿಡಿದು, ತಿರುವಿನಲ್ಲಿ ಹಾರ್ನ್ ಕೂಡ ಒತ್ತಿದರು. ಅದೊಂದು ಕೆಲಸ ಮಾಡುತ್ತಿತ್ತು.

ಆರತಿ ತಟ್ಟೆ ಹಿಡಿದು ನಿಂತಿದ್ದ ಅಮ್ಮ ಎತ್ತುಗಳನ್ನು ನೋಡಿದಳು, ನನ್ನನ್ನು ನೋಡಿದಳು, ಹಗ್ಗದ ಉದ್ದಕ್ಕೂ ಕಣ್ಣು ಹಾಯಿಸಿ ಅಳಿಯನನ್ನು ನೋಡಿದಳು. ನನಗೆ ಆರತಿ ಬೆಳಗಿದಳು. ಆಮೇಲೆ ಎತ್ತುಗಳಿಗೂ ಬೆಳಗಿದಳು. ಕಾರಿನ ಹತ್ತಿರ ಹೋಗಿ, ತಲೆಯ ಮೇಲೆ ಸೆರಗೆಳೆದುಕೊಂಡು, ಬಹಳ ಮರ್ಯಾದೆಯಿಂದ ಹೇಳಿದಳು:

"ಇನ್ನಾದ್ರೂ ಇಳೀರಿ ಅಳಿಯಂದಿರೇ. ಅವಕ್ಕೆ ಸುಸ್ತಾಗಿದೆ."