ಕಳೆ ಕೀಳಬಾರದ ನೌಕರಿ

ಬೇರೆಯವರಿಗೆ ವರ್ಷಕ್ಕೊಮ್ಮೆ ಆಗುವ ಫಜೀತಿ ನನಗೆ ವಾರಕ್ಕೊಮ್ಮೆ ಆಗುತ್ತದೆ. ದೇಶ ಬದಲಿಸಿದರೂ ಅದು ಬೆನ್ನು ಬಿಡಲಿಲ್ಲ. 2016ರಲ್ಲಿ ಹೌನ್ಸ್ಲೋದ ಗೋದಾಮಿನ ಕೆಲಸ ಬಿಟ್ಟು, ಲಂಡನ್ನಿನ ಅಂಚಿನ ಹೊಲಗಳನ್ನು ತಪಾಸಣೆ ಮಾಡುವ ನೌಕರಿಗೆ ಸೇರಿದೆ. ಹುಲ್ಲುಗಾವಲಿನಲ್ಲಿ ಬರೀ ಹುಲ್ಲಲ್ಲದೆ ಬಗೆಬಗೆಯ ಸೊಪ್ಪಿನ ಗಿಡ ಬೆಳೆಸಿದರೆ ಇಲ್ಲಿನ ಸರ್ಕಾರ ರೈತರಿಗೆ ದುಡ್ಡು ಕೊಡುತ್ತದೆ. ಮಣ್ಣಿಗೂ ಜೇನಿಗೂ ಒಳ್ಳೆಯದಂತೆ. ನಿಜವಾಗಿ ಬೆಳೆದಿದೆಯೇ ಎಂದು ನೋಡುವವನು ನಾನು. ಆರು ತಿಂಗಳ ಪ್ರೊಬೇಷನ್. ಪಾಸಾದರೆ ಖಾಯಂ, ಇಲ್ಲದಿದ್ದರೆ ಮತ್ತೆ ಗೋದಾಮು. ಧಾರವಾಡದ ಕೃಷಿ ಪದವೀಧರನಿಗೆ ಹುಲ್ಲು ಯಾವ ಲೆಕ್ಕ ಎಂದುಕೊಂಡಿದ್ದೆ.

1. ಹಿತ್ತಲ ವೈವಿಧ್ಯ

ಹ್ಯಾರೋದಲ್ಲಿ ಒಂದು ನಾಮಕರಣದ ಊಟ. ಪಕ್ಕದಲ್ಲಿ ಕುಂದಾಪುರದ ಹೋಟೆಲ್ ಮಾಲೀಕರು. ಹೊಸ ಕೆಲಸದ ಬಗ್ಗೆ ಗತ್ತಿನಿಂದ ವಿವರಿಸಿದೆ.

“ಅಂದ್ರೆ ಕಳೆ ಬೆಳ್ಸಿದ್ರೆ ಸರ್ಕಾರ ದುಡ್ಡು ಕೊಡುದಾ ಮಾರಾಯ್ರೆ?”

“ಕಳೆ ಅಲ್ಲ, ವೈವಿಧ್ಯ.”

“ಒಳ್ಳೇದಾಯ್ತು. ನಮ್ಮ ಹಿತ್ಲಲ್ಲಿ ಎರಡು ವರ್ಷದಿಂದ ಬರೀ ವೈವಿಧ್ಯವೇ. ಕೌನ್ಸಿಲಿನವ್ರು, ಅದೇ ಇಲ್ಲಿನ ನಗರಸಭೆಯವ್ರು, ನೋಟಿಸ್ ಕಳ್ಸಿದ್ರು. ಅವ್ರಿಗೆ ನಿಮ್ಮ ನಂಬರ್ ಕೊಡ್ತೆ.”

ಕೊಟ್ಟೇಬಿಟ್ಟರು. ಮರುದಿನ ಕೌನ್ಸಿಲ್‌ನಿಂದ ಫೋನ್: “ಆ ಹುಲ್ಲು ನಿಮ್ಮದಂತೆ. ಯಾವಾಗ ಕತ್ತರಿಸುತ್ತೀರಿ?”

2. ಕೈ ಸುಮ್ಮನಿರಲಿಲ್ಲ

ಎಜ್‌ವೇರ್ ದಾಟಿದ ಮೇಲೆ ಒಬ್ಬ ಮುದುಕ ರೈತನ ಹೊಲ. ನಿಯಮದ ಪ್ರಕಾರ ಅಲ್ಲಿ ಐದು ಬಗೆಯ ಸೊಪ್ಪಿನ ಗಿಡ ಇರಬೇಕು. ನೆಲದ ಮೇಲೆ ಕೂತು ಅವನ ಜೊತೆ ಮಳೆ, ದನ, ಮಂಡಿನೋವು ಎಲ್ಲ ಮಾತಾಡಿದೆ. ಚಿಕ್ಕಂದಿನಲ್ಲಿ ಶೇಂಗಾ ಹೊಲದಲ್ಲಿ ಕಳೆ ಕಿತ್ತ ಕೈ ನನ್ನದು. ಬಾಯಿ ಮಾತಾಡುತ್ತಿದ್ದಾಗ ಅದು ತನ್ನ ಪಾಡಿಗೆ ಕೆಲಸ ನಡೆಸಿತ್ತು. ಕಿತ್ತ ಗಿಡಗಳ ಬೇರಿನ ಮಣ್ಣು ಕೊಡವಿ ಪಕ್ಕದಲ್ಲಿ ಗುಡ್ಡೆ ಹಾಕಿದ್ದೂ ಆಗಿತ್ತು.

ರೈತ ಟೋಪಿ ತೆಗೆದು ತಲೆ ಕೆರೆದುಕೊಂಡ. “ಸರ್, ತಪಾಸಣೆ ಮುಗಿಯಿತೇ, ಇಲ್ಲ ಇನ್ನೂ ಒಂದೆರಡು ಬಗೆ ಉಳಿದಿವೆಯೇ?”

3. ಐದನೆಯದು

ಪ್ರೊಬೇಷನ್ನಿನ ಕೊನೆಯ ದಿನ. ಮೇಲಧಿಕಾರಿ ಮೇಡಂ ಬೇರೊಂದು ಹೊಲದಲ್ಲಿ ನನ್ನ ಪರೀಕ್ಷೆಗೆ ನಿಂತಿದ್ದರು. ಬಸ್ಸಿಲ್ಲದ ಜಾಗ, ನನಗೆ ಡ್ರೈವಿಂಗ್ ಬಾರದು. ವಿಜಯಪುರದ ನನ್ನ ಹೆಂಡತಿ ಕಾರಿನಲ್ಲಿ ಕರೆತಂದು ಅಲ್ಲೇ ಕಾಯುತ್ತಿದ್ದಳು. ನಾಲ್ಕು ಗಿಡಗಳ ಹೆಸರು ಪಟಪಟ ಹೇಳಿದೆ. ಐದನೆಯದು ಯಾವುದೆಂದು ಗೊತ್ತಾಗಲಿಲ್ಲ. ಕಣ್ಣ ಮುಂದೆ ಗೋದಾಮು ಬಂತು.

ಅಷ್ಟರಲ್ಲಿ ಹಿಂದಿನಿಂದ ಹೆಂಡತಿಯ ದನಿ: “ಅಯ್ಯ, ಹಕ್ಕರಕಿ! ರೊಟ್ಟಿ ಜೋಡಿ ಹಸೀದ ತಿಂತೀವಲ್ರಿ!”

ಮೇಡಂ ತಿರುಗಿದರು. “ಇವರು ಯಾರು?”

“ಡ್ರೈವರ್,” ಎಂದುಬಿಟ್ಟೆ.

ಹೆಂಡತಿ ನನ್ನನ್ನು ಒಮ್ಮೆ ನೋಡಿ, ಕೈಚೀಲವನ್ನು ನನ್ನ ಕೈಗೆ ತುರುಕಿ, ಎಲೆ ಮುರಿದು ಇಂಗ್ಲಿಷಿನಲ್ಲಿ ಶುರುಮಾಡಿದಳು: ಮುರಿದರೆ ಹಾಲು ಬರುತ್ತದೆ, ಹೂ ಬಿಟ್ಟ ಮೇಲೆ ಕಹಿ ಹೆಚ್ಚು, ದನಗಳಿಗೆ ಇಷ್ಟ. ಮೇಡಂ ಬರೆದುಕೊಂಡೇ ಬರೆದುಕೊಂಡರು. ಕೊನೆಗೆ ಅವಳಿಗೆ ಹೇಳಿದರು:

“ನಿಮ್ಮ ಊರಿನದು ಇದರ ದಾಯಾದಿ ಇರಬೇಕು. ಇದು ಚಿಕೋರಿ. ಆದರೆ ಹೇಳಿದ್ದೆಲ್ಲ ಸರಿ.”

ಚಿಕೋರಿ! ಕಾಫಿಪುಡಿಗೆ ಅದು ಎಷ್ಟು ಬೆರೆಸಬೇಕೆಂದು ಹ್ಯಾರೋದ ಅಂಗಡಿಯವನ ಜೊತೆ ತಿಂಗಳಿಗೊಮ್ಮೆ ಜಗಳವಾಡುವವನು ನಾನು. ನೆಲದಲ್ಲಿ ಬೆಳೆಯುತ್ತದೆಂದು ಯಾರಿಗೆ ಗೊತ್ತು! ಕೃಷಿ ಪದವಿಯನ್ನು ಅಲ್ಲೇ ಹುಗಿದು ಬರಬೇಕೆನಿಸಿತು.

ಮೇಡಂ ಫಾರಂಗೆ ಸಹಿ ಹಾಕಿ, ಅವಳ ಕೈ ಕುಲುಕಿ ಹೊರಟರು. ವಾಪಸು ಬರುವಾಗ ಹೆಂಡತಿ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದಳು:

“ನೌಕರಿ ಖಾಯಂ ಆತೇನ್ರಿ?”

“ಆತು.”

“ಯಾರ್ದು?”