ಆತಗೂರಿಗೇ ದಯಮಾಡಿಸುವ ಆರಂಕಿಯವರಿಗೆ

ಮಾನ್ಯ ಓಟಿಪಿ ಎಂಬ ಆರಂಕಿ ಸಂಖ್ಯೆಯವರೇ,

ಕಿರುಗಾವಲಿನ ಕರಿಯಪ್ಪನ ಸಾಷ್ಟಾಂಗ ನಮಸ್ಕಾರಗಳು. ಪಾಸ್‌ವರ್ಡ್ ಸರಿಯಾಗಿ ಒತ್ತಿದ ಮೇಲೂ ‘ಇವನು ನಿಜಕ್ಕೂ ಅವನೇನಾ?’ ಎಂದು ಅನುಮಾನಿಸಿ, ಮೆಸೇಜಿನಲ್ಲಿ ಹುಟ್ಟಿ ಚಣಹೊತ್ತಿನಲ್ಲೇ ಸಾಯುವ ತಮ್ಮಂಥ ಅಲ್ಪಾಯುಷಿಗಳ ಮೇಲೆ ದೂರು ಹೇಳಬೇಕಾಗಿ ಬಂದುದಕ್ಕೆ ಮೊದಲೇ ಕ್ಷಮೆ ಇರಲಿ.

ನನ್ನ ಆನ್‌ಲೈನ್ ಖಾತೆಯಲ್ಲಿರುವುದು ಒಂದೇ ಆಸ್ತಿ, ತೀರಿಹೋದ ನಮ್ಮವ್ವ ಹಾಡಿದ ಸೋಬಾನೆ ಪದಗಳು. ಬೇರೆಲ್ಲೂ ಪ್ರತಿಯಿಲ್ಲ. ನನ್ನ ಫೋನು ನಾಲೆಗೆ ಬಿದ್ದಾಗ ತಾವು ಬಂದಿಳಿಯುವ ವಿಳಾಸವೆಂದು ಹೆಂಡತಿ ಚಿಕ್ಕಬೋರಮ್ಮನ ನಂಬರು ಕೊಟ್ಟಿದ್ದೆ. ತಾವು ಇಂದಿಗೂ ಅಲ್ಲಿಗೇ ದಯಮಾಡಿಸುತ್ತೀರಿ. ಆಕೆಯೋ, ಅವಳ ಉಪ್ಸಾರಿಗೆ ನಮ್ಮವ್ವನ ಕೈರುಚಿ ಇಲ್ಲವೆಂದು ನಾನು ನಾಲಿಗೆ ಜಾರಿದ ದಿನವೇ ಆತಗೂರಿನ ತವರಿಗೆ ಹೋಗಿ ಕೂತಿದ್ದಾಳೆ. ಹೆತ್ತವಳ ದನಿ ಕೇಳಲು ಮುನಿದ ಸೊಸೆಯ ಅಪ್ಪಣೆ ಬೇಕೆಂಬ ಕಾನೂನನ್ನು ಯಾವ ಪುಣ್ಯಾತ್ಮ ಮಾಡಿದನೋ, ಅವನ ಮನೆಯ ಉಪ್ಸಾರಿಗೆ ಉಪ್ಪೇ ಸಿಗದಿರಲಿ.

ಹೀಗೆ ಶಪಿಸುತ್ತಿದ್ದಾಗಲೇ ಕಳ್ಳನೊಬ್ಬನಿಗೆ ನನ್ನ ಪಾಸ್‌ವರ್ಡ್ ಸಿಕ್ಕಿಬಿಟ್ಟಿತು. ಅವನ ಜಾಣತನವನ್ನು ಹೊಗಳಲಾರೆ. ಮನೆದೇವರ ಹೆಸರಿಗೆ ಟ್ರಾಕ್ಟರಿನ ನಂಬರು ಸೇರಿಸಿ ಮಾಡಿಕೊಂಡಿದ್ದ ನನ್ನ ಆ ಗುಟ್ಟು, ಟ್ರೈಲರಿನ ಹಿಂದೆ ಹಳದಿ ಬಣ್ಣದಲ್ಲಿ ಮೊಳದುದ್ದ ಬರೆಸಿಕೊಂಡು, ಕಬ್ಬಿನ ಜೊತೆ ಮದ್ದೂರು, ಮಂಡ್ಯ ಎಲ್ಲ ಮೆರವಣಿಗೆ ಹೋಗಿ ಬರುತ್ತಿತ್ತು. ಉಳಿದ ಕಾವಲು ತಾವೊಬ್ಬರೇ. ಅವನು ಹೇಗೋ ನಂಬರು ಗಿಟ್ಟಿಸಿ, ಕಂಪನಿ ಸಾಹೇಬನ ದನಿಯಲ್ಲಿ ಚಿಕ್ಕಬೋರಮ್ಮನಿಗೆ ಫೋನು ಮಾಡಿ, ಮೆಸೇಜಿನಲ್ಲಿ ಬಂದ ಆರಂಕಿ ಹೇಳಿ ಮೇಡಂ ಎಂದನಂತೆ. “ಯಾರ ಮಗನ್ಲಾ ನೀನು? ಕಟ್ಕಂಡಿರೋ ಗಂಡುಂಗೇ ಏಳಿಲ್ಲ ಕಣ್ಲಾ, ನಿಂಗೇಳ್ತೀನಾ? ಮಡುಗ್ಲಾ ಪೋನಾ!” ಎಂದು ಆಕೆ ಗದರಿದ್ದು ಬಸ್ ನಿಲ್ದಾಣದವರೆಗೂ ಕೇಳಿಸಿತೆಂದು ನನ್ನ ಬಾಮೈದ ಸ್ವರೂಪ್ ವರದಿ ಒಪ್ಪಿಸಿದ್ದಾನೆ.

ನಮ್ಮವ್ವನ ದನಿ ಉಳಿಯಿತು. ಆದ್ದರಿಂದ ದೂರನ್ನು ವಾಪಸು ಪಡೆದು ಅರಿಕೆ ಮಾಡಿಕೊಳ್ಳುವುದೇನೆಂದರೆ, ಒಂದೇ ಬೀಗ ಸಾಕೆನ್ನುವ ನನ್ನಂಥ ಜಾಣರಿಗೆಲ್ಲ ತಮ್ಮ ಜೊತೆಗೆ ಒಬ್ಬೊಬ್ಬ ಮುನಿದ ಹೆಂಡತಿಯನ್ನೂ ಮಂಜೂರು ಮಾಡಬೇಕು. ನನ್ನವಳಿಗೆ ಮಾತ್ರ ನನ್ನ ಮೇಲಿನ ಸಿಟ್ಟು ಇಳಿದು, ಕಳ್ಳರ ಮೇಲಿನದು ಹಾಗೇ ಇರುವಂತೆ ಏರ್ಪಾಡು ಮಾಡಬೇಕು. ಅವಳ ಉಪ್ಸಾರೇ ಜಿಲ್ಲೆಗೆ ಮೊದಲೆಂದು ಈ ಮೂಲಕ ಒಪ್ಪಿಕೊಂಡಿದ್ದೇನೆ.

ಎರಡನೇ ಬೀಗಕ್ಕೆ ಋಣಿಯಾದ,
ತಮ್ಮ ವಿಶ್ವಾಸಿ,
ಕರಿಯಪ್ಪ

ವಿ.ಸೂ.: ಚಿಕ್ಕಬೋರಮ್ಮ ಮನೆಗೆ ಬಂದಳು. ಆಕೆಯಿಂದ ತಮ್ಮನ್ನು ಬೇಡಿ ಪಡೆದು, ಖುಷಿಯಾಗಲೆಂದು ಆಕೆಯ ಹೆಸರನ್ನೇ ಹೊಸ ಪಾಸ್‌ವರ್ಡ್ ಮಾಡಿದೆ. ಆಕೆಗೆ ಅಷ್ಟು ಖುಷಿ ಸಾಲಲಿಲ್ಲ. ಪೇಂಟರ್ ಪುಟ್ಟಮಾದಯ್ಯ ಈಗ ಆಕೆಯ ಅಪ್ಪಣೆಯಂತೆ ಆ ಹೆಸರನ್ನೇ ಟ್ರೈಲರಿನ ಹಿಂದೆ ಬರೆಯುತ್ತಿದ್ದಾನೆ. ತಾವು ಮಾತ್ರ ಕೆಲಸ ಬಿಡಕೂಡದು.